ಥಾಯ್ಲೆಂಡ್‌ನ ತೇಲೋ ಸಂತೆಗೆ ಹೊರಟಿದ್ದೀರಾ? ಮೊದ್ಲು ಯಾವ ವಾರ ಅಂತ ನೋಡ್ಕೊಳ್ಳಿ

ಬ್ಯಾಂಕಾಕ್‌ಗೆ ಹೊರಟ ನಮ್ಮೋರ ಲಿಸ್ಟಲ್ಲಿ ಫ್ಲೋಟಿಂಗ್ ಮಾರ್ಕೆಟ್ ಇದ್ದೇ ಇರುತ್ತೆ, ಆದ್ರೆ ಯಾವ ಮಾರ್ಕೆಟ್ಟು ಅಂತ ಕೇಳಿದ್ರೆ "ಅದೇ ರೀ, ದೋಣೀಲಿ ಹಣ್ಣು ಮಾರ್ತಾರಲ್ಲ ಅದು" ಅಂತಾರೆ. ಎಡವಟ್ಟಾಗೋದು ಅಲ್ಲೇ. ಬ್ಯಾಂಕಾಕ್ ಸುತ್ತಮುತ್ತ ಇಂಥ ಸಂತೆಗಳು ಬೇಕಾದಷ್ಟಿವೆ, ಒಂದು ಪ್ರತಿದಿನ ಇರುತ್ತೆ, ಇನ್ನೊಂದು ವೀಕೆಂಡ್ ಮಾತ್ರ, ಒಂದು ಬೆಳಗ್ಗೆ, ಇನ್ನೊಂದು ಸಾಯಂಕಾಲ, ಮತ್ತೊಂದು ತಿಥಿ ನೋಡಿ ನಡೆಯುತ್ತೆ (ಹೌದು, ತಿಥಿನೇ, ಮುಂದೆ ಹೇಳ್ತೀನಿ). ಇದೇನೂ ತಿಳ್ಕೊಳ್ದೆ ಏಜೆಂಟ್ ಹತ್ತಿಸಿದ ವ್ಯಾನ್ ಹತ್ತಿದ್ರೆ ಅವ್ನು ಹತ್ತು ಗಂಟೆ ಬಿಸಿಲಿಗೆ ಸರಿಯಾಗಿ ತಂದು ಇಳಿಸ್ತಾನೆ, ಅಷ್ಟೊತ್ತಿಗೆ ಕಾಲುವೆ ತುಂಬಾ ಟೂರಿಸ್ಟ್ ದೋಣಿಗಳೇ ಸಿಕ್ಕಾಕ್ಕೊಂಡು ನಿಂತಿರ್ತವೆ, ವಾಪಸ್ ಬಂದು ಊರಿಗೆಲ್ಲಾ "ಬರೀ ದುಡ್ಡು ಕೀಳೋ ಜಾಗ ಕಣ್ರೀ" ಅಂತ ಹೇಳ್ಕೊಂಡು ತಿರುಗೋದು. ನನ್ ಕೇಳಿದ್ರೆ ಅರ್ಧ ತಪ್ಪು ಹೋದ ಟೈಮಿಂದು. ಅದಕ್ಕೇ ಈ ಲೇಖನದಲ್ಲಿ ಬೋಟಿಗಿಂತ ಮುಂಚೆ ಕ್ಯಾಲೆಂಡರು.

ಸ್ಟೆಪ್ 1: ಯಾವ ದಿನ ಫ್ರೀ ಇದ್ದೀರಿ, ಅದರ ಮೇಲೆ ಮಾರ್ಕೆಟ್ ಆರಿಸ್ಕೊಳ್ಳಿ

ಸೋಮವಾರದಿಂದ ಗುರುವಾರದ ಒಳಗೆ ಹೋಗೋದಾದ್ರೆ ಹೆಚ್ಚು ಯೋಚ್ನೆ ಬೇಡ, ದಮ್ನೋನ್ ಸದುವಾಕ್‌ಗೇ ಹೋಗಿ. ಪೋಸ್ಟ್‌ಕಾರ್ಡಲ್ಲಿ, ಇನ್‌ಸ್ಟಾಗ್ರಾಮಲ್ಲಿ ನೀವು ನೋಡಿರೋ ಫೋಟೋ, ಅಗಲ ಟೋಪಿ ಹಾಕ್ಕೊಂಡ ಅಜ್ಜಿ, ದೋಣಿ ತುಂಬಾ ಮಾವು ಬಾಳೆ, ಹೆಚ್ಚುಕಮ್ಮಿ ಇಲ್ಲೀದೇ. ಬ್ಯಾಂಕಾಕಿಂದ ನೈರುತ್ಯಕ್ಕೆ ಸುಮಾರು 100 ಕಿಲೋಮೀಟರ್, ರಾತ್ಚಬುರಿ ಪ್ರಾಂತ್ಯದಲ್ಲಿದೆ, ವಾರದ ಏಳೂ ದಿನ ಇರುತ್ತೆ. ಸಂತೆ ಇರೋ ಕಾಲುವೆ ತಾನಾಗೇ ಆಗಿದ್ದಲ್ಲ, ರಾಜ ಮಂಗ್‌ಕುಟ್, ಅಂದ್ರೆ ನಾಲ್ಕನೇ ರಾಮ, ಅವನ ಕಾಲದಲ್ಲಿ 1866ರಲ್ಲಿ ಅಗೆಯೋಕೆ ಶುರು ಮಾಡಿ 1868ಕ್ಕೆ ಮುಗಿಸಿದ್ದು, ಮೇ ಕ್ಲೋಂಗ್ ನದಿಗೂ ಥಾ ಚಿನ್ ನದಿಗೂ ಮಧ್ಯೆ ಸುಮಾರು 32 ಕಿಲೋಮೀಟರ್ ಉದ್ದಕ್ಕೆ. ರೈತರು ಇದರಿಂದ ಸಣ್ಣ ಸಣ್ಣ ಕಾಲುವೆ ತೆಗೆದು ತೋಟಗಳಿಗೆ ನೀರು ಹಾಯಿಸ್ಕೊಂಡ್ರು, ಬೆಳೆದದ್ದನ್ನ ಅದೇ ನೀರಲ್ಲಿ ದೋಣಿ ಮೇಲೆ ತಂದು ಮಾರಿದ್ರು. ರಸ್ತೆ ಬಂದ್ಮೇಲೆ ಆ ವ್ಯಾಪಾರ ಕಮ್ಮಿ ಆಯ್ತು, ಈಗ ಇರೋದು ಬಹುಪಾಲು ಟೂರಿಸ್ಟ್ ವ್ಯಾಪಾರ, ಅದನ್ನ ಮೊದಲೇ ಒಪ್ಕೊಂಡು ಹೋದ್ರೆ ಬೇಜಾರಾಗಲ್ಲ.

ಶುಕ್ರ, ಶನಿ, ಭಾನುವಾರ ಸಿಕ್ಕಿದ್ರೆ ಅಂಫವಾ. ಸಮುತ್ ಸೊಂಗ್‌ಖ್ರಾಮ್ ಪ್ರಾಂತ್ಯ, ಮಧ್ಯಾಹ್ನ ಶುರುವಾಗಿ ಸಾಯಂಕಾಲ ರಂಗೇರೋ ಸಂತೆ, ಬರೋರಲ್ಲಿ ಥಾಯ್ ಜನಾನೇ ಜಾಸ್ತಿ, ಬ್ಯಾಂಕಾಕ್ ಫ್ಯಾಮಿಲಿಗಳು ವೀಕೆಂಡ್ ಅಂತ ಇಲ್ಲಿಗೆ ಬಂದು ಕಾಲುವೆ ಮೆಟ್ಲ ಮೇಲೆ ಕೂತ್ಕೊಂಡು ದೋಣಿಯಿಂದ ತರಿಸ್ಕೊಂಡು ತಿಂತಾರೆ. ಇದೂ ಒಂದು ಕಾಲಕ್ಕೆ ನಿಂತೇ ಹೋಗಿತ್ತು, 2004ರಲ್ಲಿ ಮತ್ತೆ ಶುರು ಮಾಡಿದ್ರು. ಎರಡೂ ದಡದಲ್ಲಿ ಹಳೇ ಮರದ ಮನೆಗಳ ಸಾಲು ಹಾಗೇ ಉಳ್ಕೊಂಡಿದೆ.

ಇನ್ನು ನಾನು ಹೇಳಿದ ತಿಥಿ ಸಂತೆ, ಥಾ ಖಾ. ಅಂಫವಾದಿಂದ ಹೆಚ್ಚು ದೂರ ಇಲ್ಲ. ಈ ಕಡೆಯ ಕಾಲುವೆಗಳಿಗೆ ಸಮುದ್ರದ ಉಬ್ಬರ ಇಳಿತ ತಟ್ಟುತ್ತೆ, ನೀರು ಏರಿದ್ರೆ ತಾನೇ ದೋಣಿ ಸರಾಗವಾಗಿ ಓಡೋದು, ಹಂಗಾಗಿ ಹಿಂದಿನೋರು ಚಂದ್ರನ್ನ ನೋಡಿ ಸಂತೆ ದಿನ ಇಟ್ಕೊಂಡಿದ್ರು. ಅವರ ಲೆಕ್ಕದಲ್ಲಿ ಎರಡೂ ಪಕ್ಷದ 2, 7, 12ನೇ ದಿನ, ನಮ್ಮ ಭಾಷೇಲಿ ಬಿದಿಗೆ, ಸಪ್ತಮಿ, ದ್ವಾದಶಿ. ನಮ್ಮ ಪಂಚಾಂಗಕ್ಕೂ ಅವರದಕ್ಕೂ ಒಂದಿನ ಆಚೆ ಈಚೆ ಆಗ್ಬಹುದು, ಮನೇಲಿರೋ ಕ್ಯಾಲೆಂಡರ್ ನಂಬಿಕೊಂಡು ಹೊರಟುಬಿಡ್ಬೇಡಿ. ಈಗ ಶನಿವಾರ ಭಾನುವಾರನೂ ನಡೆಸ್ತಾರೆ, ಟೂರಿಸ್ಟಿಗೆ ಅದೇ ಸುಲಭ. ಬೆಳಗ್ಗೆ ಹೋಗ್ಬೇಕು, ಮಧ್ಯಾಹ್ನಕ್ಕೆಲ್ಲಾ ಖಾಲಿ. ಚಿಕ್ಕದು, ಶಾಂತ, ತೆಂಗಿನ ತೋಟಗಳ ನಡುವೆ. ತೆಂಗಿನ ಹೊಂಬಾಳೆಯಿಂದ ನೀರಾ ಇಳಿಸಿ ದೊಡ್ಡ ಬಾಣಲೇಲಿ ಕುದಿಸಿ ಬೆಲ್ಲ ಮಾಡೋ ಮನೆಗಳು ಇಲ್ಲೇ ಪಕ್ಕದಲ್ಲಿವೆ, ದೋಣಿಯೋರನ್ನ ಕೇಳಿದ್ರೆ ಕರ್ಕೊಂಡು ಹೋಗಿ ತೋರಿಸ್ತಾರೆ.

ಬ್ಯಾಂಕಾಕ್ ಬಿಟ್ಟು ಅಷ್ಟು ದೂರ ಹೋಗೋಕೆ ಟೈಮಿಲ್ಲ ಅನ್ನೋರಿಗೆ ಊರೊಳಗೇ ತಲಿಂಗ್ ಚಾನ್, ಖ್ಲಾಂಗ್ ಲಾತ್ ಮಯೋಮ್ ಇವೆ, ಎರಡೂ ಶನಿವಾರ ಭಾನುವಾರದ್ದು, ಬಿಟಿಎಸ್ ಟ್ರೈನಲ್ಲಿ ಬಾಂಗ್ ವಾ ಸ್ಟೇಷನ್‌ಗೆ ಹೋಗಿ ಅಲ್ಲಿಂದ ಟ್ಯಾಕ್ಸಿ ಹಿಡಿದ್ರಾಯ್ತು. ದೋಣಿ ಕಮ್ಮಿ, ಊಟ ಭರ್ಜರಿ. ಪಟ್ಟಾಯದಲ್ಲಿ ಫೋರ್ ರೀಜನ್ಸ್ ಅಂತ ಒಂದಿದೆ, 2008ರಲ್ಲಿ ಟೂರಿಸ್ಟಿಗೆ ಅಂತಲೇ ಕಟ್ಟಿದ್ದು, ಟಿಕೆಟ್ ಬೇರೆ. ಪಟ್ಟಾಯದಲ್ಲೇ ಇದ್ದು ಮಕ್ಕಳು ಹಠ ಮಾಡಿದ್ರೆ ಹೋಗಿ, ಅದಕ್ಕೋಸ್ಕರ ಅಂತ ಹೋಗ್ಬೇಡಿ.

ಸ್ಟೆಪ್ 2: ಹೊರಡೋ ಮುಂಚಿನ ಪೇಪರ್, ದುಡ್ಡು

ಥಾಯ್ಲೆಂಡ್ ಡಿಜಿಟಲ್ ಅರೈವಲ್ ಕಾರ್ಡ್ 2025ರ ಮೇ 1ರಿಂದ ಎಲ್ಲಾ ವಿದೇಶಿಯರಿಗೂ ಕಡ್ಡಾಯ, ಅಲ್ಲಿ ತಲುಪೋ ಮುಂಚಿನ ಮೂರು ದಿನದೊಳಗೆ ಆನ್‌ಲೈನಲ್ಲಿ ತುಂಬಬೇಕು, ಪೂರ್ತಿ ಫ್ರೀ. ದುಡ್ಡು ಕೇಳೋ ವೆಬ್‌ಸೈಟ್ ಬಂತು ಅಂದ್ರೆ ಅದು ಸರ್ಕಾರದ್ದಲ್ಲ, ಮುಚ್ಚಿ ಆಚೆ ಬನ್ನಿ. ವೀಸಾ ನಿಯಮ ಆಗಾಗ ಬದಲಾಯಿಸ್ತಿರ್ತಾರೆ, ಹೋದ ವರ್ಷ ಹೋಗಿ ಬಂದ ಭಾವನ ಮಾತು ನಂಬದೆ ಟಿಕೆಟ್ ಮಾಡೋ ದಿನ ಒಂದ್ಸಲ, ಹೊರಡೋ ವಾರ ಒಂದ್ಸಲ ಎಂಬೆಸಿ ಸೈಟ್ ನೋಡಿ.

ಒಂದು ಬಾತ್ ಅಂದ್ರೆ ಎರಡೂವರೆಯಿಂದ ಮೂರು ರೂಪಾಯಿ ಮಧ್ಯೆ ಓಡಾಡುತ್ತೆ, ಮನಸ್ಸಲ್ಲಿ ಮೂರರಿಂದ ಗುಣಿಸ್ಕೊಂಡ್ರೆ ಲೆಕ್ಕ ಸುಲಭ, ಕೊನೆಗೆ ಸ್ವಲ್ಪ ಉಳಿದ ಖುಷಿನೂ ಸಿಗುತ್ತೆ. ದೋಣಿ ಮೇಲೆ ಕೂತ ಅಜ್ಜಿ ಹತ್ರ ಕ್ಯೂಆರ್ ಬೋರ್ಡ್ ಕಾಣುತ್ತೆ, ಅದು ಅವರ ಬ್ಯಾಂಕ್ ಆ್ಯಪ್‌ಗೆ, ನಮ್ಮ ಫೋನ್‌ಪೇ ನಂಬಿಕೊಂಡು ಹೋಗ್ಬೇಡಿ. ಕ್ಯಾಶ್ ಇಟ್ಕೊಳ್ಳಿ, ಅದರಲ್ಲೂ 20, 50, 100ರ ನೋಟು. ಬೆಳ್‌ಬೆಳಗ್ಗೆ ಸಾವಿರದ ನೋಟು ತೆಗೆದು ನಲವತ್ತು ಬಾತ್ ತಿಂಡಿಗೆ ಕೊಟ್ರೆ ಪಾಪ ಅವರೆಲ್ಲಿ ಚಿಲ್ಲರೆ ತರ್ತಾರೆ, ಹಿಂದಿನ ರಾತ್ರಿ ಸೆವೆನ್ ಇಲೆವೆನ್‌ಗೆ ಹೋಗಿ ನೀರಿನ ಬಾಟ್ಲಿ ತಗೊಂಡು ಮುರಿಸ್ಕೊಳ್ಳಿ. ಅಲ್ಲಿಯ ಎಟಿಎಂಗಳಲ್ಲಿ ವಿದೇಶಿ ಕಾರ್ಡಿಗೆ ಪ್ರತಿ ಸಲ ಇನ್ನೂರು ಬಾತ್ ಮೇಲೆ ಫೀ ಹಿಡೀತಾರೆ, ಹಂಗಾಗಿ ಸಣ್ಣ ಸಣ್ಣ ಮೊತ್ತ ನಾಲ್ಕು ಸಲ ತೆಗೆಯೋ ಬದ್ಲು ಒಂದೇ ಸಲ ತೆಗೀರಿ.

ಸ್ಟೆಪ್ 3: ತಲುಪೋದು

ಥಾಯ್ಲೆಂಡ್ ನಮಗಿಂತ ಒಂದೂವರೆ ಗಂಟೆ ಮುಂದೆ. ಅಂದ್ರೆ ಅಲ್ಲಿ ಬೆಳಗ್ಗೆ ಐದಕ್ಕೆ ಅಲಾರಂ ಇಟ್ರೆ ನಿಮ್ಮ ದೇಹಕ್ಕೆ ಅದು ಮೂರೂವರೆ. ಬೆಂಗಳೂರಿಂದ ರಾತ್ರಿ ಫ್ಲೈಟಲ್ಲಿ ಹೋಗಿ ಮಾರನೇ ದಿನವೇ ದಮ್ನೋನ್ ಸದುವಾಕ್ ಇಟ್ಕೊಂಡ್ರೆ ವ್ಯಾನಲ್ಲಿ ಎಲ್ರೂ ಬಾಯಿ ಕಳ್ಕೊಂಡು ಮಲಗಿರ್ತೀರಿ. ಎರಡನೇ ದಿನಕ್ಕೋ ಮೂರನೇ ದಿನಕ್ಕೋ ಇಡಿ.

ದಮ್ನೋನ್ ಸದುವಾಕ್‌ಗೆ ಬ್ಯಾಂಕಾಕ್‌ನ ದಕ್ಷಿಣ ಬಸ್ ಟರ್ಮಿನಲ್‌ನಿಂದ ಮಿನಿವ್ಯಾನ್ ಹೋಗುತ್ತೆ, ಸಾಯ್ ತಾಯ್ ಮಾಯ್ ಅಂದ್ರೆ ಟ್ಯಾಕ್ಸಿಯೋರಿಗೆಲ್ಲಾ ಗೊತ್ತು. ಸುಮಾರು ಎರಡು ಗಂಟೆ ಪ್ರಯಾಣ. ಅಲ್ಲಿ ಬೆಸ್ಟ್ ಟೈಮ್ ಬೆಳಗ್ಗೆ ಏಳರಿಂದ ಒಂಬತ್ತು, ಲೆಕ್ಕ ಹಾಕಿ ನೋಡಿ, ಬ್ಯಾಂಕಾಕಿಂದ ಐದಕ್ಕೇ ಬಿಡ್ಬೇಕು, ಹಂಗೆ ಬೇಕಂದ್ರೆ ಹಿಂದಿನ ದಿನನೇ ಟ್ಯಾಕ್ಸಿ ಮಾತಾಡಿ ಇಟ್ಕೊಳ್ಳಿ. ನಾಲ್ಕು ಜನ ಇದ್ರೆ ತಲಾ ಹಂಚ್ಕೊಂಡಾಗ ಅಷ್ಟೇನೂ ಭಾರ ಆಗಲ್ಲ. ಇನ್ನೂ ಒಳ್ಳೇದಂದ್ರೆ ಹಿಂದಿನ ರಾತ್ರಿ ಆ ಕಡೆಯೇ ಎಲ್ಲಾದ್ರೂ ಗೆಸ್ಟ್‌ಹೌಸಲ್ಲಿ ಉಳ್ಕೊಳ್ಳೋದು, ಬೆಳಗ್ಗೆ ಎದ್ದು ನಡ್ಕೊಂಡೇ ಹೋಗ್ಬಹುದು.

ಅಂಫವಾಗೂ ಅದೇ ಟರ್ಮಿನಲ್‌ನಿಂದ ವ್ಯಾನ್ ಇದೆ. ಆದ್ರೆ ಟೈಮ್ ಇರೋರಿಗೆ ನಾನು ರೈಲೇ ಹೇಳೋದು. ವಾಂಗ್ವಿಯನ್ ಯೈ ಸ್ಟೇಷನ್‌ನಿಂದ ಮಹಾಚೈಗೆ ಒಂದು ಗಂಟೆ, ಅಲ್ಲಿಳಿದು ಮೀನು ಮಾರ್ಕೆಟ್ ದಾಟಿ ಫೆರ್ರಿ ಹತ್ತಿ ಥಾ ಚಿನ್ ನದಿ ದಾಟಿದ್ರೆ ಆ ಕಡೆ ಬಾನ್ ಲೇಮ್ ಸ್ಟೇಷನ್, ಅಲ್ಲಿಂದ ಇನ್ನೊಂದು ಗಂಟೆ ಮೇ ಕ್ಲೋಂಗ್‌ಗೆ. ಒಂದೊಂದು ರೈಲಿಗೆ ಹತ್ತು ಬಾತ್ ಆಸುಪಾಸು. ಬಾನ್ ಲೇಮಿಂದ ದಿನಕ್ಕೆ ನಾಲ್ಕೇ ರೈಲು, ಒಂದು ತಪ್ಪಿದ್ರೆ ಮೂರು ಗಂಟೆ ಕಾಯ್ಬೇಕು, ಟೈಮಿಂಗ್ ನೋಡ್ಕೊಂಡೇ ಹೊರಡಿ. ಮಜಾ ಏನಂದ್ರೆ ಈ ರೈಲು ಕೊನೇಲಿ ಹೋಗೋದೇ ಆ ಫೇಮಸ್ ತರಕಾರಿ ಮಾರ್ಕೆಟ್ ಒಳಗಿಂದ, ಹಳಿ ಮೇಲೇ ಚಾಚಿಕೊಂಡಿರೋ ಟಾರ್ಪಲ್ ಎಲ್ಲಾ ಹಿಂದೆ ಎಳ್ಕೊಳ್ತಾರೆ, ಟ್ರೈನ್ ಹೋಗ್ತಿದ್ದಂಗೆ ಮತ್ತೆ ಬಿಡಿಸ್ತಾರೆ. ಎಲ್ರೂ ಹೊರಗೆ ನಿಂತು ಫೋಟೋ ತೆಗೀತಿದ್ರೆ ನೀವು ಒಳಗೆ ಕೂತಿರ್ತೀರಿ. ಅಲ್ಲಿಂದ ಅಂಫವಾ ಆರೇಳು ಕಿಲೋಮೀಟರ್, ಸೊಂಗ್‌ಥೆವ್ ಸಿಗುತ್ತೆ, ಪಿಕಪ್ ಗಾಡಿ ಹಿಂದೆ ಎರಡು ಬೆಂಚ್ ಹಾಕಿರೋದು.

ಸ್ಟೆಪ್ 4: ಬೋಟು, ಇಲ್ಲೇ ದುಡ್ಡು ಹೋಗೋದು

ದಮ್ನೋನ್ ಸದುವಾಕ್ ಮಾರ್ಕೆಟ್‌ಗೆ ಎಂಟ್ರಿ ಫೀಸ್ ಇಲ್ಲ. ಇದೊಂದು ತಲೇಲಿರ್ಲಿ. ಬೋಟ್ ಹತ್ತಲೇಬೇಕು ಅಂತಾನೂ ಇಲ್ಲ, ಕಾಲುವೆ ಎರಡೂ ಬದಿ ನಡೆಯೋಕೆ ದಾರಿ ಇದೆ, ದಾಟೋಕೆ ಸೇತುವೆ ಇದೆ. ಆದ್ರೆ ನಿಮ್ಮನ್ನ ಕರ್ಕೊಂಡು ಬಂದ ಡ್ರೈವರ್ ಮಾರ್ಕೆಟ್‌ಗೆ ಒಂದೆರಡು ಕಿಲೋಮೀಟರ್ ಮುಂಚೆನೇ ಯಾವುದೋ ಪ್ರೈವೇಟ್ ಜೆಟ್ಟೀಲಿ ನಿಲ್ಲಿಸಿ "ಮುಂದೆ ಗಾಡಿ ಹೋಗಲ್ಲ, ಬೋಟಲ್ಲೇ ಹೋಗ್ಬೇಕು" ಅನ್ನೋ ಚಾನ್ಸ್ ಜಾಸ್ತಿ, ಅಲ್ಲಿ ಲ್ಯಾಮಿನೇಟ್ ಮಾಡಿದ ರೇಟ್ ಕಾರ್ಡ್ ತೋರಿಸಿ ಸಾವಿರಗಳಲ್ಲಿ ಕೇಳ್ತಾರೆ, ಡ್ರೈವರಿಗೆ ಅದರಲ್ಲಿ ಕಮಿಷನ್. ಜಗಳ ಏನೂ ಬೇಡ. ನಗ್ತಾ ನಗ್ತಾ ಫೋನಲ್ಲಿ ಮ್ಯಾಪ್ ತೆಗೆದು ಮಾರ್ಕೆಟ್ ಮೇಲೇ ಪಿನ್ ಇಟ್ಟು "ತಲಾತ್ ನಾಮ್" ಅನ್ನಿ, ಅಂದ್ರೆ ನೀರ ಮೇಲಿನ ಮಾರ್ಕೆಟ್‌ಗೇ ಬಿಡಪ್ಪಾ ಅಂತ. ಒಪ್ಪಲ್ವಾ, ಇಳಿದು ನಡೀರಿ.

ಬೋಟಲ್ಲಿ ಎರಡು ಥರ. ಉದ್ದ ಬಾಲದ ಮೋಟರ್ ಬೋಟು, ಲಾಂಗ್‌ಟೇಲ್, ಲಾರಿ ಇಂಜಿನ್ ಥರ ಕಿವಿ ಕಿತ್ತೋಗೋ ಸದ್ದು, ಅದು ತೋಟಗಳ ಮಧ್ಯೆ ಸುತ್ತಿಸಿ ಕರ್ಕೊಂಡು ಬರುತ್ತೆ, ಮಕ್ಕಳಿಗೆ ಖುಷಿ. ಇನ್ನೊಂದು ಹುಟ್ಟು ಹಾಕೋ ದೋಣಿ, ನಿಧಾನ, ಸಂತೆ ಒಳಗೆ ಸುತ್ತೋಕೆ ಅದೇ ಸರಿ. ಒಂದೇ ಆರಿಸ್ಬೇಕು ಅಂದ್ರೆ ಹುಟ್ಟಿನ ದೋಣಿ. ರೇಟು ತಲಾ ಇಷ್ಟೋ ದೋಣಿಗೆ ಇಷ್ಟೋ, ಎಷ್ಟು ಹೊತ್ತು, ಇವೆರಡೂ ಹತ್ತೋ ಮುಂಚೆ ಬೆರಳಲ್ಲಿ ಎಣಿಸಿ ತೋರಿಸಿ ಕನ್ಫರ್ಮ್ ಮಾಡ್ಕೊಳ್ಳಿ, ಫೋನಲ್ಲಿ ಟೈಪ್ ಮಾಡಿ ತೋರಿಸಿದ್ರೆ ಇನ್ನೂ ಕ್ಲಿಯರ್.

ಹತ್ತುವಾಗ ದೋಣಿ ಮಧ್ಯಕ್ಕೆ ಕಾಲಿಡಿ, ಅಂಚಿಗಲ್ಲ, ಇಟ್ಟ ತಕ್ಷಣ ಕೂತ್ಬಿಡಿ. ಕೂತ್ಮೇಲೆ ಕೈ ಒಳಗಿರ್ಲಿ, ಇದನ್ನ ಎರಡು ಸಲ ಓದಿ. ಎಂಟೂವರೆ ಒಂಬತ್ತರ ಮೇಲೆ ಅಲ್ಲಿ ದೋಣಿಗೆ ದೋಣಿ ಉಜ್ಕೊಂಡೇ ಹೋಗೋದು, ಮುಂದಿಂದು ಅಲ್ಲಾಡಲ್ಲ, ಹಿಂದಿಂದು ಗುದ್ದುತ್ತೆ, ಅಂಚಿನ ಮೇಲೆ ಬೆರಳಿಟ್ಟಿದ್ರೆ ಎರಡು ಹಲಗೆ ಮಧ್ಯೆ ಸಿಕ್ಕಾಕ್ಕೊಳ್ಳುತ್ತೆ. ಆ ಜಾಮಲ್ಲೇ ದಡದ ಅಂಗಡಿಯಮ್ಮ ಉದ್ದ ಕೋಲಿನ ತುದಿ ಕೊಕ್ಕೆಯಿಂದ ನಿಮ್ಮ ದೋಣಿ ಅಂಚು ಹಿಡಿದು ತನ್ನ ಕಡೆಗೆ ಎಳ್ಕೊಳ್ತಾಳೆ, ಒಂದು ಕೈಲಿ ಕೊಕ್ಕೆ, ಇನ್ನೊಂದು ಕೈಲಿ ಕ್ಯಾಲ್ಕುಲೇಟರು. ಬೇಡ ಅಂದ್ರೆ ಸುಮ್ನೆ ನಕ್ಕು ತಲೆ ಅಲ್ಲಾಡಿಸಿ, ಬಿಟ್ಬಿಡ್ತಾಳೆ. ಒಂದು ವಸ್ತು ಕೈಗೆ ತಗೊಂಡ್ರೋ, ಮುಗೀತು.

ಅಪ್ಪ ಅಮ್ಮನ್ನ ಕರ್ಕೊಂಡು ಹೋಗೋರು ಗಮನಿಸಿ, ದೋಣೀಲಿ ಸೀಟು ತುಂಬಾ ಕೆಳಗೆ, ಹೆಚ್ಚುಕಮ್ಮಿ ನೆಲದ ಮೇಲೆ ಕೂತಂಗೆ, ಮಂಡಿ ನೋವಿರೋರಿಗೆ ಏಳೋದೇ ಕಷ್ಟ. ಅಂಫವಾದಲ್ಲಿ ಇಳಿತದ ಹೊತ್ತಿಗೆ ಹೋದ್ರೆ ನೀರು ಕೆಳಗಿಳಿದು ಇನ್ನೂ ಮೂರ್ನಾಲ್ಕು ಪಾಚಿ ಮೆಟ್ಲು ಇಳೀಬೇಕಾಗುತ್ತೆ. ಅವರನ್ನ ದಡದಲ್ಲಿ ನೆರಳು ನೋಡಿ ಕೂರಿಸಿ ಎಳನೀರು ಕೈಗೆ ಕೊಟ್ಬಿಡಿ, ಅಲ್ಲಿಂದಲೇ ಎಲ್ಲಾ ಕಾಣುತ್ತೆ.

ಸ್ಟೆಪ್ 5: ತಿನ್ನೋದು, ಅದರಲ್ಲೂ ಸಸ್ಯಾಹಾರಿಗಳಿಗೆ

ನಾನ್‌ವೆಜ್ ತಿನ್ನೋರಿಗೆ ಇಲ್ಲಿ ಗೈಡ್ ಬೇಕಿಲ್ಲ. ಬೋಟ್ ನೂಡಲ್ಸ್ ತಿನ್ನಿ, ಚಿಕ್ಕ ಬಟ್ಟಲು, ಗಾಢ ಸಾರು, ಆದ್ರೆ ಆ ಸಾರಿಗೆ ಹಂದಿ ಅಥವಾ ದನದ ರಕ್ತ ಸೇರಿಸೋದು ಅಲ್ಲಿಯ ಪದ್ಧತಿ, ಬೇಡದವರು ಮುಂಚೆನೇ ಕೇಳಿ. ಅಂಫವಾದಲ್ಲಿ ದೋಣಿ ಒಳಗೇ ಇದ್ದಿಲ ಒಲೆ ಇಟ್ಟು ಸೀಗಡಿ, ಸ್ಕ್ವಿಡ್ ಸುಡ್ತಾರೆ, ಮೇಲೆ ಮೆಟ್ಲಲ್ಲಿ ಕೂತ ನಿಮಗೆ ತಟ್ಟೆ ಕೈಗೆ ಬರುತ್ತೆ.

ವೆಜ್‌ನೋರ ಕಷ್ಟ ಬೇರೆ. ಅಲ್ಲಿ "ವೆಜಿಟೇರಿಯನ್" ಅಂದ್ರೆ ಚಿಕನ್ ತುಂಡು ಎತ್ತಿಟ್ಟು ಅದೇ ಕೊಟ್ಬಿಡೋ ಅಂಗಡಿಗಳಿವೆ, ಮೀನಿನ ಸಾಸ್ ಅವರಿಗೆ ಉಪ್ಪಿದ್ದಂಗೆ, ಅದನ್ನ ಮಾಂಸ ಅಂತ ಲೆಕ್ಕಕ್ಕೇ ತಗೊಳ್ಳಲ್ಲ. ಅದಕ್ಕೆ "ಜೇ" ಅನ್ನೋ ಪದ ಕಲ್ತುಕೊಳ್ಳಿ. ಹಳದಿ ಬಾವುಟದ ಮೇಲೆ ಕೆಂಪಕ್ಷರ, ದೂರದಿಂದ 17 ಅಂತ ಬರೆದಂಗೆ ಕಾಣುತ್ತೆ. ಆ ಬೋರ್ಡ್ ಇದ್ರೆ ಮಾಂಸ ಇಲ್ಲ, ಮೀನಿನ ಸಾಸ್ ಇಲ್ಲ, ಮೊಟ್ಟೆ ಇಲ್ಲ, ಹಾಲಿಲ್ಲ, ಈರುಳ್ಳಿ ಬೆಳ್ಳುಳ್ಳಿನೂ ಇಲ್ಲ. ಈರುಳ್ಳಿ ಬೆಳ್ಳುಳ್ಳಿ ಮುಟ್ಟದ ಅಜ್ಜಿನ ಕರ್ಕೊಂಡು ಹೋಗಿರೋರಿಗೆ ಇದಕ್ಕಿಂತ ಏನು ಬೇಕು. ಸೆಪ್ಟೆಂಬರ್ ಅಕ್ಟೋಬರಲ್ಲಿ ಒಂಬತ್ತು ದಿನದ ಜೇ ಹಬ್ಬ ಇರುತ್ತೆ, ಕೆಲವು ವರ್ಷ ನಮ್ಮ ನವರಾತ್ರಿ ಜೊತೆಗೇ ಬೀಳುತ್ತೆ, ಆಗ ಹೋದ್ರೆ ಎಲ್ಲಿ ನೋಡಿದ್ರೂ ಹಳದಿ ಬಾವುಟ. ಜೇ ಅಂಗಡಿ ಸಿಗದಿದ್ರೆ "ಮಾಯ್ ಸಾಯ್ ನಾಮ್ ಪ್ಲಾ" ಅಂದ್ರೆ ಮೀನಿನ ಸಾಸ್ ಹಾಕ್ಬೇಡಿ, "ಮಾಯ್ ಸಾಯ್ ಖಾಯ್" ಅಂದ್ರೆ ಮೊಟ್ಟೆ ಹಾಕ್ಬೇಡಿ. ನಮ್ಮ ಉಚ್ಚಾರಣೆ ಅವರಿಗೆ ಅರ್ಥ ಆಗುತ್ತೆ ಅನ್ನೋ ಗ್ಯಾರಂಟಿ ಇಲ್ಲ, ಟ್ರಾನ್ಸ್‌ಲೇಟ್ ಆ್ಯಪಲ್ಲಿ ಥಾಯ್ ಅಕ್ಷರದಲ್ಲೇ ತೆಗೆದು ಸ್ಕ್ರೀನ್‌ಶಾಟ್ ಇಟ್ಕೊಂಡಿರಿ. ಸೊಮ್ ತಮ್ ಅಂತ ಪರಂಗಿಕಾಯಿ ಸಲಾಡ್ ನೋಡೋಕೆ ಪಕ್ಕಾ ವೆಜ್, ಒಳಗೆ ಒಣ ಸೀಗಡಿನೂ ಇರುತ್ತೆ ಮೀನಿನ ಸಾಸೂ ಇರುತ್ತೆ.

ಸಿಹಿ ತಿಂಡಿಗೆ ಬಂದ್ರೆ ನಮಗೆ ಹಬ್ಬ. ಖನೋಮ್ ಕ್ರೋಕ್ ಹುಡುಕಿ, ದೋಣೀಲಿ ಒಲೆ ಮೇಲೆ ನಮ್ಮ ಪಡ್ಡು ಹಂಚಿನಂಥದ್ದೇ ಗುಳಿ ಗುಳಿ ಹಂಚು, ಅಕ್ಕಿ ಹಿಟ್ಟು ತೆಂಗಿನ ಹಾಲು ಕಲಸಿದ್ದನ್ನ ಹುಯ್ದು, ಅರ್ಧ ಬೇಯ್ತಿದ್ದಂಗೆ ಮೇಲೆ ಸಿಹಿ ತೆಂಗಿನ ಹಾಲಿನ ಕೆನೆ ಹಾಕಿ ಮುಚ್ಚಿಡ್ತಾರೆ. ತೆಗೆದಾಗ ಅಡಿ ಗರಿಗರಿ, ಮಧ್ಯೆ ಇನ್ನೂ ತಳ್‌ತಳ ಅಂತ ಅಲ್ಲಾಡ್ತಿರುತ್ತೆ, ಚಮಚದಲ್ಲಿ ಎಬ್ಬಿಸಿ ಎರಡೆರಡು ಗುಳಿದು ಒಂದರ ಮೇಲೊಂದು ಬೋರಲು ಹಾಕಿ ಬಾಳೆ ಎಲೆ ದೊನ್ನೇಲಿ ಕೊಡ್ತಾರೆ. ತಕ್ಷಣ ಬಾಯಿಗೆ ಹಾಕ್ಬೇಡಿ, ಒಳಗಿನ ಹಾಲು ನಾಲ್ಗೆ ಸುಡುತ್ತೆ. ಮಾವಿನ ಹಣ್ಣು ಅಂಟಕ್ಕಿ ಅನ್ನ, ತೆಂಗಿನ ಚಿಪ್ಪಲ್ಲೇ ಕೊಡೋ ಐಸ್‌ಕ್ರೀಮ್, ಬಿದಿರಿನ ಗಳದೊಳಗೆ ಬೇಯಿಸಿದ ಸಿಹಿ ಅನ್ನ, ಸುಟ್ಟ ಬಾಳೆಹಣ್ಣು, ಇವೆಲ್ಲಾ ಧೈರ್ಯವಾಗಿ ತಿನ್ನಿ. ಆದ್ರೆ ಚಿನ್ನದ ಬಣ್ಣದ ಶಾವಿಗೆ ಥರ ಎಳೆ ಎಳೆ ಇರೋ ಫೋಯ್ ಥಾಂಗ್ ಕಂಡ್ರೆ ಮೊಟ್ಟೆ ತಿನ್ನದವರು ದೂರ ಇರಿ, ಅದು ಮಾಡೋದೇ ಮೊಟ್ಟೆಯ ಹಳದೀಲಿ.

ಹಣ್ಣಲ್ಲಿ ಪೊಮೆಲೊ ತಗೊಳ್ಳಿ, ನಮ್ಮ ದೇವನಹಳ್ಳಿ ಚಕ್ಕೋತದ ಜಾತೀದೇ, ಸುಲಿದು ತೊಳೆ ಮಾಡಿ ಕೊಡ್ತಾರೆ. ಮೇ ತಿಂಗಳಿಂದ ಆಗಸ್ಟ್‌ವರೆಗೆ ಮ್ಯಾಂಗೋಸ್ಟೀನ್ ಸೀಸನ್, ಕರಾವಳಿ ಮಲೆನಾಡಿನೋರಿಗೆ ಗೊತ್ತಿರೋ ಮುರುಗಲು ಹಣ್ಣಿನ ಸಂಬಂಧಿ, ಆದ್ರೆ ಸಿಹಿ. ಡ್ಯೂರಿಯನ್ ಅನ್ನೋ ಹಣ್ಣಿನ ವಾಸನೆ ತುಂಬಾ ಜೋರು, ಅಲ್ಲೇ ತಿಂದು ಮುಗಿಸಿ, ಹೋಟೆಲ್ ರೂಮಿಗೆ ತಂದ್ರೆ ಫೈನ್ ಹಾಕ್ತಾರೆ.

ಸ್ಟೆಪ್ 6: ಚೌಕಾಸಿ, ಫೋಟೋ, ಇತ್ಯಾದಿ

ತಿಂಡಿ ರೇಟಲ್ಲಿ ಚೌಕಾಸಿ ಮಾಡ್ಬೇಡಿ, ಬರೆದಿಟ್ಟಿರ್ತಾರೆ, ಕೇಳಿದ್ರೆ ನಮ್ಗೇ ಮರ್ಯಾದೆ ಅಲ್ಲ. ಬ್ಯಾಗು, ಫ್ರಿಜ್ ಮ್ಯಾಗ್ನೆಟ್ಟು, ಆನೆ ಚಿತ್ರದ ಪ್ಯಾಂಟು, ಇಲ್ಲಿ ಶುರು ಮಾಡಿ. "ಥಾವ್ ರೈ" ಅಂದ್ರೆ ಎಷ್ಟು, "ಲೊಟ್ ದಾಯ್ ಮಾಯ್" ಅಂದ್ರೆ ಕಮ್ಮಿ ಮಾಡ್ತೀರಾ, ಕೊನೇಲಿ ಗಂಡಸರು "ಖ್ರಾಪ್", ಹೆಂಗಸರು "ಖಾ" ಸೇರಿಸಿದ್ರೆ ಮುಖ ಅರಳುತ್ತೆ. ಹೇಳಿದ ರೇಟಿನ ಅರ್ಧದಿಂದ ಹಿಡೀರಿ. ನಿಜ ಹೇಳ್ಬೇಕಂದ್ರೆ ಅದೇ ಮಾಲು ಬ್ಯಾಂಕಾಕ್‌ನ ಚತುಚಕ್ ಮಾರ್ಕೆಟಲ್ಲಿ ಕಮ್ಮಿಗೇ ಸಿಗುತ್ತೆ, ಇಲ್ಲಿ ತಿನ್ನೋದಕ್ಕೆ ಖರ್ಚು ಮಾಡಿ, ಶಾಪಿಂಗ್ ಅಲ್ಲಿಟ್ಕೊಳ್ಳಿ.

ದಮ್ನೋನ್ ಸದುವಾಕಲ್ಲಿ ಹೆಬ್ಬಾವು ಕೊರಳಿಗೆ ಹಾಕ್ತೀವಿ, ಕಾಡುಪಾಪ ಕೈಗೆ ಕೊಡ್ತೀವಿ, ಫೋಟೋ ತೆಗೆಸ್ಕೊಳ್ಳಿ ಅಂತ ಬರ್ತಾರೆ. ಬೇಡ. ಕಾಡುಪಾಪ ರಾತ್ರಿ ಓಡಾಡೋ ಪ್ರಾಣಿ, ಅದನ್ನ ಹಗಲು ಬಿಸಿಲಲ್ಲಿ ಕೈಯಿಂದ ಕೈಗೆ ದಾಟಿಸ್ತಿರ್ತಾರೆ, ನೀವು ಕೊಡೋ ದುಡ್ಡಿಂದಲೇ ಅದು ನಡೀತಿರೋದು.

ಟಾಯ್ಲೆಟ್‌ಗೆ ಐದು ಹತ್ತು ಬಾತ್ ಚಿಲ್ಲರೆ ಇಟ್ಕೊಳ್ಳಿ, ಸಾಮಾನ್ಯವಾಗಿ ನೀರಿನ ಪೈಪ್ ಇರುತ್ತೆ, ಯುರೋಪ್ ಥರ ಪೇಪರ್ ಪರದಾಟ ಇಲ್ಲ. ಟೋಪಿ, ಸನ್‌ಸ್ಕ್ರೀನ್, ಜಾರದ ಚಪ್ಪಲಿ. ನವೆಂಬರಿಂದ ಫೆಬ್ರವರಿ ಹಿತವಾದ ಹವೆ, ಏಪ್ರಿಲ್ ಬಿಸಿಲಲ್ಲಿ ಚಿಕ್ಕ ಮಕ್ಕಳನ್ನ ಕರ್ಕೊಂಡು ಹೋಗ್ಬೇಡಿ.

ಸ್ಟೆಪ್ 7: ಅಂಫವಾದಲ್ಲಿ ಒಂದು ರಾತ್ರಿ, ಆಮೇಲೆ ವಾಪಸ್ಸು

ಶನಿವಾರ ಹೋಗೋರಿಗೆ ನನ್ನ ಪ್ಲಾನ್ ಇದು. ಬೆಳಗ್ಗೆ ರೈಲಲ್ಲಿ ಮೇ ಕ್ಲೋಂಗ್, ಮಧ್ಯಾಹ್ನ ಅಂಫವಾ ತಲುಪಿ ಕಾಲುವೆ ಪಕ್ಕದ ಹೋಮ್‌ಸ್ಟೇಲಿ ರೂಮ್ ಹಾಕಿ, ವೀಕೆಂಡ್ ರಶ್ ಇರೋದ್ರಿಂದ ಮೊದಲೇ ಬುಕ್ ಮಾಡಿ. ಬಿಸಿಲು ಇಳಿಯೋವರೆಗೆ ವಾತ್ ಬಾಂಗ್ ಕುಂಗ್ ನೋಡ್ಕೊಂಡು ಬನ್ನಿ, ಮರದ ಬೇರುಗಳು ಗರ್ಭಗುಡೀನ ಪೂರ್ತಿ ಅಪ್ಪಿಕೊಂಡಿರೋ ಬೌದ್ಧ ದೇವಸ್ಥಾನ, ಕಿಟಕಿ ಬಾಗ್ಲು ಮಾತ್ರ ಕಾಣುತ್ತೆ. ಕತ್ತಲಾದ್ಮೇಲೆ ಮಿಂಚುಹುಳ ತೋರಿಸೋಕೆ ಶೇರಿಂಗ್ ಬೋಟ್ ಬಿಡ್ತಾರೆ, ನದಿ ದಡದ ಲಂಫೂ ಮರಗಳಲ್ಲಿ ಕೂತಿರ್ತವೆ, ಮಳೆಗಾಲದಲ್ಲಿ ಜಾಸ್ತಿ, ಹುಣ್ಣಿಮೆ ಆಸುಪಾಸು ಹೋದ್ರೆ ಬೆಳದಿಂಗಳಲ್ಲಿ ಅಷ್ಟು ಕಾಣಲ್ಲ. ಫ್ಲಾಶ್ ಹಾಕಿ ಫೋಟೋ ತೆಗೆಯೋಕೆ ಹೋಗ್ಬೇಡಿ, ಫೋನಲ್ಲಿ ಏನೂ ಬರಲ್ಲ, ಪಕ್ಕದೋರಿಗೆ ಕಣ್ಣು ಕುಕ್ಕುತ್ತೆ ಅಷ್ಟೇ. ಈ ಬೋಟ್ ಮುಗಿಯೋ ಹೊತ್ತಿಗೆ ಬ್ಯಾಂಕಾಕ್‌ನ ಕೊನೇ ವ್ಯಾನ್ ಹೊರಟಿರೋ ಸಾಧ್ಯತೆ ಜಾಸ್ತಿ, ಅದಕ್ಕೇ ರೂಮ್ ಮಾಡಿ ಅಂದಿದ್ದು.

ಭಾನುವಾರ ಬೆಳಗ್ಗೆ ಆರು ಗಂಟೆಗೆ ಎದ್ದು ಹೋಮ್‌ಸ್ಟೇ ಮೆಟ್ಲ ಹತ್ರ ಬನ್ನಿ, ಭಿಕ್ಷುಗಳು ತಾವೇ ದೋಣಿ ಹುಟ್ಟು ಹಾಕ್ಕೊಂಡು ಭಿಕ್ಷೆಗೆ ಬರ್ತಾರೆ, ಹೋಮ್‌ಸ್ಟೇಯೋರಿಗೆ ಹಿಂದಿನ ರಾತ್ರಿ ಹೇಳಿದ್ರೆ ಕೊಡೋಕೆ ಬೇಕಾದ ಅನ್ನ, ಹೂವು ರೆಡಿ ಮಾಡಿಡ್ತಾರೆ. ಹೆಂಗಸರು ಭಿಕ್ಷುಗಳನ್ನ ಮುಟ್ಟೋ ಹಂಗಿಲ್ಲ, ಪಾತ್ರೆಗೆ ನೇರ ಹಾಕಿ. ಅದು ಮುಗಿಸ್ಕೊಂಡು ಥಾ ಖಾ, ಬೆಳಗ್ಗೆ ತಿಂಡಿ ಅಲ್ಲೇ.

ವಾಪಸ್ ಬರೋದು ಮಾತ್ರ ಮಧ್ಯಾಹ್ನದೊಳಗೆ ಇಟ್ಕೊಳ್ಳಿ. ಭಾನುವಾರ ಸಾಯಂಕಾಲ ಇಡೀ ಬ್ಯಾಂಕಾಕ್ ವೀಕೆಂಡ್ ಮುಗಿಸಿ ರಾಮ 2 ರೋಡಲ್ಲಿ ಒಟ್ಟಿಗೇ ವಾಪಸ್ ಬರ್ತಿರುತ್ತೆ, ಒಂದೂವರೆ ಗಂಟೆ ದಾರಿ ಎಷ್ಟಾಗುತ್ತೆ ಅಂತ ಹೇಳೋಕಾಗಲ್ಲ. ಅವತ್ತೇ ರಾತ್ರಿ ಬೆಂಗಳೂರು ಫ್ಲೈಟ್ ಇದ್ದು ಅದು ಸುವರ್ಣಭೂಮಿಯಿಂದ ಆದ್ರೆ ಇನ್ನೂ ಹುಷಾರು, ಆ ಏರ್‌ಪೋರ್ಟ್ ಇರೋದು ಊರಿನ ಪೂರ್ವಕ್ಕೆ, ನೀವು ಬರ್ತಿರೋದು ನೈರುತ್ಯದಿಂದ, ಮಧ್ಯೆ ಇಡೀ ಬ್ಯಾಂಕಾಕ್ ದಾಟ್ಬೇಕು.